ದೀಪಾ ಧನರಾಜರೂ ಅವರ ಸಾಕ್ಷ್ಯಚಿತ್ರಗಳೂ

ಚಲನಚಿತ್ರವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನಾಯಕ ನಾಯಿಕೆಯರು, ಹಾಡು, ಹೊಡೆದಾಟ. ಆದರೆ ವೇಷವಿಲ್ಲದ ಜನರನ್ನು ಅವರ ಕೆಲಸದ ಸ್ಥಳದಲ್ಲಿಯೇ ತೋರಿಸಿ, ಅವರ ಮಾತನ್ನು ಅವರ ಬಾಯಿಂದಲೇ ಕೇಳಿಸುವ ಚಿತ್ರಗಳೂ ಉಂಟು. ಇವುಗಳಿಗೆ ಸಾಕ್ಷ್ಯಚಿತ್ರಗಳೆಂದು ಹೆಸರು. ಬೆಂಗಳೂರಿನಲ್ಲಿ ನೆಲೆಸಿ, ನಾಲ್ಕು ದಶಕಗಳಿಗೂ ಮಿಕ್ಕಿ ಇಂಥ ಚಿತ್ರಗಳನ್ನು ನಿರ್ಮಿಸಿರುವ ದೀಪಾ ಧನರಾಜರ ಕಾರ್ಯವನ್ನು ವಾಚಕರಿಗೆ ಪರಿಚಯಿಸುವುದೇ ಈ ಕಿರುಲೇಖನದ ಉದ್ದೇಶ.

1980ರಲ್ಲಿ ದೀಪಾ ಧನರಾಜರು ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಇವರೊಡನೆ ‘ಯುಗಾಂತರ’ವೆಂಬ ತಂಡವನ್ನು ಕಟ್ಟಿದರು. ಈ ತಂಡ ಕೆಲವೇ ವರ್ಷಗಳಲ್ಲಿ ನಾಲ್ಕು ಚಿತ್ರಗಳನ್ನು ತೆಗೆಯಿತು. ಮೊದಲನೆಯದಾದ ‘ಮೋಲಕರೀಣ್’ (1981) ಪುಣೆಯ ಮನೆಗೆಲಸದ ಹೆಂಗಸರು ಸಂಘ ಕಟ್ಟಿದುದನ್ನು ಹೇಳುತ್ತದೆ. ‘ಇದಿ ಕಥ ಮಾತ್ರಮೇನಾ’ (1983) ಮನೆಯೊಳಗಿನ ಹಿಂಸೆಯನ್ನು ಕುರಿತ ತೆಲುಗು ಚಿತ್ರ; ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯವರೊಡನೆ ಚರ್ಚಿಸಿ ಹೆಣೆದ ಕಥೆ. ‘ಸುದೇಶಾ’ (1983) ಚಿಪ್ಕೋ ಚಳವಳಿಯ ಒಬ್ಬ ಗ್ರಾಮೀಣ ಮಹಿಳೆಯನ್ನು ಕುರಿತದ್ದು.

ಉಳಿದ ಒಂದು ಚಿತ್ರವೇ ನಮಗೆ ಅತ್ಯಂತ ಸಮೀಪವಾದುದು. ‘ತಂಬಾಕು ಚಾಕಿಲಾ ಊಬ್ ಆಲಿ’ (1982) ಎಂಬ ಆ ಮರಾಠಿ ಚಿತ್ರ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯದು. ಬೀಡಿ ತಂಬಾಕನ್ನು ಕುಟ್ಟಿ, ಜರಡಿ ಹಿಡಿದು ಹದಮಾಡುವ ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಹೆಂಗಸರು ಒಗ್ಗಟ್ಟಾಗಿ ಮುಷ್ಕರ ಹೂಡಿದ್ದರು. ಯುಗಾಂತರದವರು ತಿಂಗಳುಗಟ್ಟಲೆ ಅವರ ಮಾತು ಕೇಳಿ, ಅನಂತರ ಚಿತ್ರ ತೆಗೆದರು. ಏನನ್ನು ತೋರಿಸಬೇಕೆಂಬುದರಲ್ಲಿ ಆ ಹೆಂಗಸರ ಮಾತಿಗೂ ಬೆಲೆಯಿತ್ತು. ಸಿದ್ಧವಾದ ಚಿತ್ರವನ್ನು ಇತರ ದುಡಿಯುವ ಹೆಂಗಸರ ಮುಂದೆ ತೋರಿಸಿ ಚರ್ಚೆ ನಡೆಸುತ್ತಿದ್ದರು. ಚಿತ್ರ ಮುಗಿದ ಮೇಲೆ ನಡೆಯುವ ಮಾತುಕತೆಯೂ ಅವರಿಗೆ ಚಿತ್ರದಷ್ಟೇ ಮುಖ್ಯವಾಗಿತ್ತು.

ಈ ಚಿತ್ರವನ್ನು ನಾನು ನಮ್ಮ ಅಧ್ಯಾಪಕರೊಬ್ಬರ ಗಣಕಯಂತ್ರದಲ್ಲಿ ನೋಡಿದೆ. ನೋಡುತ್ತಿರುವಾಗ ನನಗೆ ತಂಬಾಕಿನ ಘಾಟೇ ಬಂದಂತಾಯಿತು. ಏಕೆಂದರೆ ನಮ್ಮವ್ವ ಬೀಡಿ ಕಟ್ಟುವವಳು. ಮೊರದಲ್ಲಿ ಎಲೆ, ತಂಬಾಕು ಇಟ್ಟುಕೊಂಡು ಅವಳು ಕುಳಿತ ಮೂಲೆಯಲ್ಲಿಯೇ ನಾನು ಅಕ್ಷರ ಕಲಿತದ್ದು. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಒಮ್ಮೆ ಬೀಡಿ ಒಯ್ಯುವವನು ನೂರಾರು ಬೀಡಿಗಳನ್ನು ಸರಿಯಿಲ್ಲವೆಂದು ತೆಗೆದಿಟ್ಟು, ಉಳಿದದ್ದನ್ನೂ ಕಡಿಮೆ ಬರೆದುಕೊಂಡ. ನಾನು ಸಿಟ್ಟಾದೆ. ಅವ್ವ, “ನಾ ಕಟ್ಟಿದ್ದು ಯಾರು ನೋಡ್ಯಾರ? ಸಾಕ್ಷಿ ಎಲ್ಲೈತಿ?” ಎಂದು ಮತ್ತೆ ಮೊರ ಎಳೆದುಕೊಂಡಳು. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿಯೇ ಕಾನೂನು ಬಂದಿತ್ತು. ಆದರೆ ಮನೆಯೊಳಗೆ ಕುಳಿತು ದುಡಿಯುವವಳಿಗೆ ತಾನು ದುಡಿದೆನೆಂದು ತೋರಿಸುವುದೇ ಕಷ್ಟ. ಸಾಕ್ಷ್ಯಚಿತ್ರವೆಂಬ ಮಾತಿನ ಅರ್ಥ ನನಗೆ ಹೊಳೆದದ್ದು ಇಲ್ಲಿ.

ದೀಪಾ ಧನರಾಜರ ಮುಂದಿನ ಚಿತ್ರಗಳೂ ಇದೇ ಜಾಡಿನವು. ‘ಕ್ಯಾ ಹುವಾ ಇಸ್ ಶಹರ್ ಕೋ’ (1986) ಹೈದರಾಬಾದಿನಲ್ಲಿ 1984ರಲ್ಲಿ ನಡೆದ ಕೋಮುಗಲಭೆಯ ಕಾರಣಗಳನ್ನು ಶೋಧಿಸುತ್ತದೆ. ‘ಸಮ್‌ಥಿಂಗ್ ಲೈಕ್ ಎ ವಾರ್’ (1991) ನಮ್ಮ ದೇಶದ ಕುಟುಂಬ ಯೋಜನೆಯನ್ನು ಹೆಂಗಸರ ಕಡೆಯಿಂದ ನೋಡುತ್ತದೆ. ಒಂದೆಡೆ ಶಿಬಿರದಲ್ಲಿ ಒಬ್ಬರಾದ ಮೇಲೊಬ್ಬರಿಗೆ ಅವಸರದಿಂದ ನಡೆಯುವ ಶಸ್ತ್ರಚಿಕಿತ್ಸೆ. ಇನ್ನೊಂದೆಡೆ ತಮ್ಮ ದೇಹ, ಬಾಳುವೆಗಳನ್ನು ಕುರಿತು ಬಿಡುವಾಗಿ ಮಾತನಾಡುವ ಹೆಂಗಸರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟಾಗ ಹೇಳಬೇಕಾದುದು ತಾನಾಗಿಯೇ ತಿಳಿಯುತ್ತದೆ. ‘ಇನ್‌ವೋಕಿಂಗ್ ಜಸ್ಟಿಸ್’ (2011) ತಮಿಳುನಾಡಿನ ಮುಸ್ಲಿಂ ಮಹಿಳೆಯರು ತಾವೇ ಕಟ್ಟಿಕೊಂಡ ಜಮಾತಿನ ಕಥೆ. 2018ರ ‘ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ’ ಎಂಬುದು, 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರೋಹಿತ್ ವೇಮುಲರು ತೀರಿಕೊಂಡ ಬಳಿಕ ಎದ್ದ ವಿದ್ಯಾರ್ಥಿ ಚಳವಳಿಯನ್ನು ಕುರಿತದ್ದು. ಮನೆಯಲ್ಲಿ ಮೊದಲಿಗನಾಗಿ ಕಾಲೇಜು ಮೆಟ್ಟಿಲು ಹತ್ತಿದವರಾರೂ ಅದನ್ನು ನಿರಾಳವಾಗಿ ನೋಡಲಾರರು.

ಇಂಥ ಚಿತ್ರಗಳು ಏಕಪಕ್ಷೀಯವಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಚಿತ್ರಕಾರರು ಎಲ್ಲಿ ನಿಂತು ನೋಡುತ್ತಾರೋ ಅಲ್ಲಿಂದ ಕಂಡದ್ದೇ ಚಿತ್ರ. ಆದರೆ ಮಾಲೀಕರ ಪಕ್ಷಕ್ಕೆ ಲೆಕ್ಕದ ಪುಸ್ತಕವಿದೆ, ಕಾಗದಪತ್ರವಿದೆ. ಏನೂ ಬರೆದಿಡದವರ ಪಕ್ಷವನ್ನು ಯಾರಾದರೂ ದಾಖಲಿಸಿದರಲ್ಲವೇ ತೂಗಿ ನೋಡಲು ಸಾಧ್ಯ?

ಹಳೆಯ ಫಿಲ್ಮಿನ ಸುರುಳಿಗಳಿಗೆ ಆಯುಸ್ಸು ಕಡಿಮೆ. ಸುದೈವದಿಂದ ಯುಗಾಂತರದ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆಯ ನೆರವಿನಿಂದ ಜೀರ್ಣೋದ್ಧಾರ ಮಾಡಲಾಗಿದೆ. ನವ್ರೋಜ್ ಕಾಂಟ್ರಾಕ್ಟರ್ 2023ರಲ್ಲಿ ತೀರಿಕೊಂಡರು. ಅವರು ಸೆರೆಹಿಡಿದ ನಿಪ್ಪಾಣಿಯ ಮುಖಗಳು ಉಳಿದಿವೆ.

ನಮ್ಮ ದಾವಣಗೆರೆ ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ಹೆಸರಾದ ಊರು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗಿಲ್ಲ. ಅಲ್ಲಿ ದುಡಿದವರು ಇನ್ನೂ ನಮ್ಮ ಬೀದಿಗಳಲ್ಲಿದ್ದಾರೆ. ಮಂಡಕ್ಕಿ ಭಟ್ಟಿಗಳಲ್ಲಿ ಇಂದಿಗೂ ಬೆಂಕಿಯ ಮುಂದೆ ಜನ ನಿಲ್ಲುತ್ತಾರೆ. ಇವರ ಮಾತನ್ನು ಕೇಳಿ ಬರೆದಿಡಲು, ಇಲ್ಲವೇ ಕೈಯಲ್ಲಿರುವ ದೂರವಾಣಿಯಲ್ಲಿಯೇ ಸೆರೆಹಿಡಿಯಲು ದೊಡ್ಡ ಬಂಡವಾಳ ಬೇಡ. ಕಳೆದ ರಜೆಯಿಂದ ನಾನು ಅವ್ವ ಕಟ್ಟಿದ ಬೀಡಿಯ ಲೆಕ್ಕವನ್ನು ತಾರೀಖು ಹಾಕಿ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಬರೆದ ಮೇಲೆ ಅವಳಿಗೆ ಓದಿ ಹೇಳುತ್ತೇನೆ. ತಪ್ಪಿದ್ದರೆ ತಿದ್ದುತ್ತಾಳೆ.