ಪೀಪಾಯಿ ಒಳಗೆ, ನಲ್ಲಿ ಹೊರಗೆ

ಬಳ್ಳಾರಿ ಜಿಲ್ಲೆಯ ಕರೂರು, ಸಿರುಗುಪ್ಪ, ಕುರುಗೋಡು ಕಡೆ ಬೇಸಿಗೆಯಲ್ಲಿ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆ ಬಿಸಿಲಿನಲ್ಲಿಟ್ಟ ಸೋಡಾ ಸೀಸೆಯನ್ನು ತೆರೆದೊಡನೆ ನೊರೆ ಉಕ್ಕಿ ಚೆಲ್ಲುತ್ತದೆ. ಮಂಜುಗಡ್ಡೆಯಲ್ಲಿಟ್ಟ ಸೀಸೆ ಅಷ್ಟು ಉಕ್ಕುವುದಿಲ್ಲ. ಬೆಂಗಳೂರಿನಲ್ಲಿ 2011ರಲ್ಲಿ ಮೊದಲ ಮೈಕ್ರೊಬ್ರೂವರಿ ಆರಂಭವಾಯಿತು. ಬಿಯರನ್ನು ಅಲ್ಲೇ ತಯಾರಿಸಿ ನಲ್ಲಿಯಿಂದ ಲೋಟಕ್ಕೆ ಬಿಡುವ ಇಂಥ ಜಾಗಗಳಲ್ಲಿ ಪೀಪಾಯಿ ಶೀತಕೋಣೆಯಲ್ಲಿದ್ದು ಗ್ರಾಹಕರು ತಾರಸಿಯಲ್ಲೋ ಅಂಗಳದಲ್ಲೋ ಕುಳಿತಿದ್ದರೆ ಇದೇ ನೊರೆಯ ಸಮಸ್ಯೆ ಎದುರಾಗುತ್ತದೆ. ಮನೆಯೊಳಗಿನ ನಲ್ಲಿಯನ್ನು ಅಂಗಳಕ್ಕೆ ಒಯ್ಯುವವರಿಗೂ ಅಷ್ಟೆ. ಕುಡಿಯುವುದು ಒಳಿತೋ ಕೆಡುಕೋ ಎಂಬುದು ಬೇರೆ ಮಾತು. ಇಲ್ಲಿ ನಾವು ನೋಡಬೇಕಾದದ್ದು ಕೊಳವೆಯೊಳಗಿನ ಭೌತವಿಜ್ಞಾನ.

ದ್ರವದಲ್ಲಿ ವಿಲೀನವಾಗುವ ಅನಿಲದ ಪ್ರಮಾಣವು ಅದರ ಮೇಲಿರುವ ಆ ಅನಿಲದ ಒತ್ತಡಕ್ಕೆ ಅನುಪಾತೀಯ ಎಂಬುದನ್ನು ವಿಲಿಯಂ ಹೆನ್ರಿ 1803ರಲ್ಲಿ ಪ್ರಕಟಿಸಿದ. ತಾಪ ಏರಿದಂತೆ ವಿಲೀನತೆ ಇಳಿಯುತ್ತದೆ. ವಾತಾವರಣದಷ್ಟು ಒತ್ತಡದಲ್ಲಿ ಒಂದು ಲೀಟರ್ ನೀರು 4 ಡಿಗ್ರಿಯಲ್ಲಿ ಸುಮಾರು 1.5 ಲೀಟರ್ ಕಾರ್ಬನ್ ಡೈಆಕ್ಸೈಡನ್ನು ಹಿಡಿದಿಟ್ಟರೆ, 40 ಡಿಗ್ರಿಯಲ್ಲಿ ಹಿಡಿದಿಡುವುದು ಸುಮಾರು ಅರ್ಧ ಲೀಟರ್ ಮಾತ್ರ. 4 ಡಿಗ್ರಿಯಲ್ಲಿರುವ ಬಿಯರಿನ ಅನಿಲ ಹೊರಬೀಳದಂತಿರಲು ಪೀಪಾಯಿಯಲ್ಲಿ ವಾತಾವರಣಕ್ಕಿಂತ ಸುಮಾರು 80 ಕಿಲೊಪಾಸ್ಕಲ್ ಹೆಚ್ಚು ಒತ್ತಡ ಬೇಕು. ಎಂದರೆ ಈ ಒತ್ತಡವನ್ನು ನಿರ್ಧರಿಸುವುದು ತಾಪವೇ ಹೊರತು ಕೊಳವೆಯ ಉದ್ದವಲ್ಲ.

ಆದರೆ ನಲ್ಲಿಯ ಬಾಯಿಯಲ್ಲಿ ಇರುವುದು ವಾತಾವರಣದ ಒತ್ತಡ ಮಾತ್ರ. ನಡುವಿನ 80 ಕಿಲೊಪಾಸ್ಕಲನ್ನು ಕೊಳವೆಯ ಘರ್ಷಣೆ ಮೆಲ್ಲಮೆಲ್ಲನೆ ಕರಗಿಸಬೇಕು. ಲೋಟವು ಏಳು ಸೆಕೆಂಡಿನಲ್ಲಿ ತುಂಬುವಂತೆ ಸೆಕೆಂಡಿಗೆ 45 ಮಿಲಿಲೀಟರ್ ಹರಿಯಲಿ ಎಂದರೆ, 5 ಮಿಲಿಮೀಟರ್ ಒಳವ್ಯಾಸದ ಕೊಳವೆ ಸುಮಾರು 4 ಮೀಟರ್ ಉದ್ದವಿರಬೇಕು. ಇದಕ್ಕೇ ಇನ್ನೂ 10 ಮೀಟರ್ ಜೋಡಿಸಿದರೆ ಹರಿವು ಸುಮಾರು ಅರ್ಧಕ್ಕಿಳಿಯುತ್ತದೆ. ಆಗ ಹೆಚ್ಚಿನವರು ಮಾಡುವುದು ಒತ್ತಡ ಏರಿಸುವುದನ್ನೇ. ಹರಿವೇನೋ ಸರಿಹೋಗುತ್ತದೆ, ಆದರೆ ಕೆಲವೇ ದಿನಗಳಲ್ಲಿ ಹೆಚ್ಚುವರಿ ಅನಿಲ ಬಿಯರಿನಲ್ಲಿ ವಿಲೀನಗೊಂಡು, ಲೋಟದ ತುಂಬ ನೊರೆಯೇ ಬರುತ್ತದೆ.

ದೂರದ ಗದ್ದೆಗೆ ನೀರೊಯ್ಯುವ ರೈತನಿಗೆ ಇದರ ಪರಿಹಾರ ಗೊತ್ತು: ದೂರ ಹೆಚ್ಚಾದರೆ ಅಗಲದ ಪೈಪು. ಈ ಕೊಳವೆಯಲ್ಲಿನ ಪ್ರವಾಹ ಪ್ರಕ್ಷುಬ್ಧವಾದದ್ದು. ಹರಿವು ಅಷ್ಟೇ ಇದ್ದು ವ್ಯಾಸ ಎರಡರಷ್ಟಾದರೆ ಘರ್ಷಣೆಯಿಂದಾಗುವ ಒತ್ತಡನಷ್ಟ ಸುಮಾರು ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಆದ್ದರಿಂದ 10 ಮೀಟರ್ ದೂರಕ್ಕೆ 8 ಮಿಲಿಮೀಟರ್ ಕೊಳವೆ ಹಾಕಿದರೆ ಒತ್ತಡದ ಕಾಲುಭಾಗವಷ್ಟೇ ಖರ್ಚಾಗುತ್ತದೆ. ಉಳಿದ ಮುಕ್ಕಾಲು ಭಾಗಕ್ಕೆ ನಲ್ಲಿಯ ಹತ್ತಿರ 3 ಮೀಟರ್ ಕಿರಿದಾದ ಕೊಳವೆ ಸಾಕು. ನಲ್ಲಿ ಪೀಪಾಯಿಗಿಂತ ಮೇಲಿದ್ದರೆ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 10 ಕಿಲೊಪಾಸ್ಕಲ್ ಲೆಕ್ಕ ಹಿಡಿದು, ಕಿರಿದಾದ ಭಾಗವನ್ನು ಅಷ್ಟರಮಟ್ಟಿಗೆ ತುಂಡರಿಸಬೇಕು.

ಅಗಲ ಹೆಚ್ಚಿದ್ದಕ್ಕೆ ಬೆಲೆಯೂ ಇದೆ. 10 ಮೀಟರ್ ಉದ್ದದ 8 ಮಿಲಿಮೀಟರ್ ಕೊಳವೆಯಲ್ಲಿ ಅರ್ಧ ಲೀಟರ್ ಬಿಯರ್ ನಿಂತಿರುತ್ತದೆ. ನಲ್ಲಿ ಮುಚ್ಚಿರುವಾಗ ಅದು ಬಿಸಿಯಾಗಿ, ಮುಂದಿನ ಲೋಟ ನೊರೆಯಾಗುತ್ತದೆ. ಇದನ್ನು ತಪ್ಪಿಸಲು ಬಿಯರ್ ಕೊಳವೆಯ ಜೊತೆಗೇ ತಣ್ಣನೆಯ ನೀರು ಮತ್ತು ಗ್ಲೈಕಾಲ್ ಮಿಶ್ರಣ ಸುತ್ತುವ ಕೊಳವೆಗಳನ್ನು ಕಟ್ಟಿ, ಹೊರಗೆ ದಪ್ಪ ಉಷ್ಣನಿರೋಧಕ ಸುತ್ತುತ್ತಾರೆ.

ಇಷ್ಟೆಲ್ಲ ಏಕೆ, ಪೀಪಾಯಿ ಮತ್ತು ಅನಿಲದ ಸಿಲಿಂಡರನ್ನೇ ಅಂಗಳಕ್ಕೆ ಒಯ್ಯಬಾರದೆ ಎಂದು ಕೇಳಬಹುದು. ಸಿಲಿಂಡರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಬಹುಪಾಲು ದ್ರವರೂಪದಲ್ಲಿರುತ್ತದೆ. 20 ಡಿಗ್ರಿಯಲ್ಲಿ ಒಳಗಿನ ಒತ್ತಡ ವಾತಾವರಣದ 57ರಷ್ಟು. 31 ಡಿಗ್ರಿಯಲ್ಲಿ 73ರಷ್ಟು. ಅದು ಈ ವಸ್ತುವಿನ ಸಂಧಿ ತಾಪ. ಅದರಾಚೆ ದ್ರವ–ಅನಿಲ ಭೇದವೇ ಇಲ್ಲ; ತುಂಬಿದ ಸಿಲಿಂಡರಿನಲ್ಲಿ ಒತ್ತಡ ಇನ್ನೂ ಕಡಿದಾಗಿ ಏರುತ್ತದೆ. ಬಳ್ಳಾರಿಯ ಬಿಸಿಲು ಈ ಮಿತಿಯನ್ನು ಸುಲಭವಾಗಿ ದಾಟಿಸುತ್ತದೆ. ಆದ್ದರಿಂದ ಸಿಲಿಂಡರ್ ನೆರಳಿನಲ್ಲೇ ಇರಬೇಕು. ಹಾಗೆಂದು ಗಾಳಿಯಾಡದ ಕೋಣೆಯೂ ಸಲ್ಲದು. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಗಾಳಿಯಲ್ಲಿ ನೂರಕ್ಕೆ 4ರಷ್ಟು ಬೆರೆತರೂ ಪ್ರಾಣಾಪಾಯ.

ಶಿಕ್ಷಕರು ತರಗತಿಯಲ್ಲಿ ಇದರ ತತ್ತ್ವವನ್ನು ಬರೀ ನೀರಿನಿಂದಲೇ ತೋರಿಸಬಹುದು. ಮೇಜಿನ ಮೇಲೆ ಬಕೆಟ್ ಇಟ್ಟು, ಒಂದೇ ಉದ್ದದ 5 ಮತ್ತು 8 ಮಿಲಿಮೀಟರ್ ಕೊಳವೆಗಳಿಂದ ಒಂದೊಂದು ಲೀಟರ್ ನೀರಿಳಿಸಿ ಸಮಯ ಗುರುತಿಸಿ. ಬಳಿಕ ಉದ್ದವನ್ನು ಎರಡರಷ್ಟು ಮಾಡಿ. ಸಮಯವೂ ಎರಡರಷ್ಟಾಯಿತೆ, ಅದಕ್ಕಿಂತ ಕಡಿಮೆಯಾಯಿತೆ? ಏಕೆಂದು ವಿದ್ಯಾರ್ಥಿಗಳೇ ಯೋಚಿಸಲಿ.