ಹೋಮಿಯೋಪತಿ ವೈದ್ಯರ ಮೇಜಿನ ಮೇಲಿರುವ ದಪ್ಪ ಪುಸ್ತಕ

‘ಅವರು ಔಷಧಿ ಕೊಡೋಕೆ ಮುಂಚೆ ನೂರೆಂಟು ಪ್ರಶ್ನೆ ಕೇಳ್ತಾರೆ ಡಾಕ್ಟ್ರೇ. ಬಾಯಾರಿಕೆ ಆಗುತ್ತಾ, ಹೊದ್ದುಕೊಳ್ಳಬೇಕು ಅನ್ಸುತ್ತಾ, ಸುಮ್ಮಸುಮ್ಮನೆ ಅಳು ಬರುತ್ತಾ ಅಂತ. ಆಮೇಲೆ ಒಂದು ದಪ್ಪ ಪುಸ್ತಕ ತೆಗೆದು ನೋಡ್ತಾರೆ. ಅದರಲ್ಲಿ ಏನಿರುತ್ತೆ?’

ಮೊಮ್ಮಗನ ಕೆಮ್ಮಿಗೆಂದು ಅರಸೀಕೆರೆಯ ನನ್ನ ಕ್ಲಿನಿಕ್ಕಿಗೆ ಬಂದಿದ್ದ ಅಜ್ಜಿಯೊಬ್ಬರ ಪ್ರಶ್ನೆ ಇದು. ನಾನು ಅಲೋಪತಿ ಓದಿದವನು. ಆದರೆ ನನ್ನ ರೋಗಿಗಳಲ್ಲಿ ಅನೇಕರು ಸಕ್ಕರೆ ಗುಳಿಗೆಯನ್ನೂ ತೆಗೆದುಕೊಳ್ಳುವವರು. ಆದ್ದರಿಂದ ಆ ಪುಸ್ತಕದ ವಿಷಯ ನಾನೂ ತಿಳಿದುಕೊಳ್ಳಬೇಕಾಯಿತು.

ಅದರ ಹೆಸರು ರೆಪರ್ಟರಿ. ಲಕ್ಷಣಗಳ ಸೂಚಿ ಎನ್ನೋಣ. ರೈಲ್ವೆ ವೇಳಾಪಟ್ಟಿ ನೋಡಿ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ರೈಲು ಯಾವ ಯಾವ ಊರಿನಲ್ಲಿ ನಿಲ್ಲುತ್ತದೆಂದು ಒಂದು ಕಡೆ ಇರುತ್ತದೆ. ಒಂದು ಊರಿನಲ್ಲಿ ಯಾವ ಯಾವ ರೈಲು ನಿಲ್ಲುತ್ತದೆಂದು ಇನ್ನೊಂದು ಕಡೆ. ಹೋಮಿಯೋಪತಿಯಲ್ಲಿ ಒಂದೊಂದು ಔಷಧಿಯ ಕೆಳಗೆ ಅದರ ಲಕ್ಷಣಗಳನ್ನು ಬರೆದಿಟ್ಟ ಗ್ರಂಥಕ್ಕೆ ಮೆಟೀರಿಯಾ ಮೆಡಿಕಾ ಎಂದು ಹೆಸರು. ರೆಪರ್ಟರಿ ಇದರ ತಿರುಗುಮುರುಗು: ಲಕ್ಷಣ ಮೊದಲು, ಅದರ ಕೆಳಗೆ ಔಷಧಿಗಳ ಹೆಸರು. ತಿಪಟೂರು, ಅರಸೀಕೆರೆ, ಬೀರೂರು ಮೂರರಲ್ಲೂ ನಿಲ್ಲುವ ರೈಲು ಯಾವುದೆಂದು ನಾವು ಹುಡುಕುವಂತೆ, ರೋಗಿಯ ನಾಲ್ಕೈದು ಲಕ್ಷಣಗಳಲ್ಲೆಲ್ಲ ಕಾಣಿಸುವ ಔಷಧಿ ಯಾವುದೆಂದು ವೈದ್ಯರು ಹುಡುಕುತ್ತಾರೆ.

ಹಾನಿಮನ್ನರ ಶಿಷ್ಯ ಬೋನಿಂಗ್‌ಹೌಸನ್ 1832ರಲ್ಲಿ ಇಂಥ ಪುಸ್ತಕವೊಂದನ್ನು ಅಚ್ಚು ಹಾಕಿಸಿದರು. (ಅವರು ಓದಿದ್ದು ಕಾನೂನು!) ನಮ್ಮಲ್ಲಿ ಹೆಚ್ಚು ಬಳಕೆಗೆ ಬಂದದ್ದು ಅಮೆರಿಕದ ಕೆಂಟ್ ಅವರ ರೆಪರ್ಟರಿ, 1897ರಿಂದ ಪ್ರಕಟವಾದದ್ದು, 1400ಕ್ಕೂ ಹೆಚ್ಚು ಪುಟ. ಮನಸ್ಸಿನ ಲಕ್ಷಣಗಳಿಂದ ಆರಂಭಿಸಿ, ತಲೆ, ಕಣ್ಣು, ಹೊಟ್ಟೆ, ಎದೆ ಎಂದು ಸಾಗಿ, ಇಡೀ ದೇಹಕ್ಕೆ ಸಂಬಂಧಿಸಿದ ಲಕ್ಷಣಗಳಲ್ಲಿ ಮುಗಿಯುತ್ತದೆ. ಔಷಧಿಯ ಹೆಸರು ದಪ್ಪಕ್ಷರದಲ್ಲಿದ್ದರೆ ಮೂರು ಅಂಕ, ಓರೆಯಕ್ಷರದಲ್ಲಿದ್ದರೆ ಎರಡು, ಸಾದಾ ಅಕ್ಷರದಲ್ಲಿದ್ದರೆ ಒಂದು. ಕೂಡಿದಾಗ ಮುಂದೆ ಬಂದ ಎರಡು ಮೂರು ಔಷಧಿಗಳನ್ನು ಮತ್ತೆ ಮೆಟೀರಿಯಾ ಮೆಡಿಕಾದಲ್ಲಿ ಓದಿ ಒಂದನ್ನು ಆರಿಸುತ್ತಾರೆ. ಕೂಡುವ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತದೆ.

ಒಂದು ಉದಾಹರಣೆ. ಇಬ್ಬರಿಗೆ ಮಂಡಿನೋವು. ಒಬ್ಬರಿಗೆ ಅಲುಗಾಡಿದರೆ ನೋವು ಹೆಚ್ಚು, ಬಾಯಾರಿಕೆ ಬಹಳ. ಇನ್ನೊಬ್ಬರಿಗೆ ಏಳುವಾಗ ಹಿಡಿದುಕೊಳ್ಳುತ್ತದೆ, ನಾಲ್ಕು ಹೆಜ್ಜೆ ಹಾಕಿದರೆ ಸಡಿಲವಾಗುತ್ತದೆ, ಬೇಲೂರಿನ ಮಳೆಗಾಲದ ಥಂಡಿಗೆ ಜಾಸ್ತಿಯಾಗುತ್ತದೆ. ನನ್ನ ಲೆಕ್ಕದಲ್ಲಿ ಇಬ್ಬರದೂ ಕೀಲು ಸವೆತವಿರಬಹುದು. ರೆಪರ್ಟರಿಯಲ್ಲಿ ಮೊದಲನೆಯವರಿಗೆ ಬ್ರಯೋನಿಯಾ, ಎರಡನೆಯವರಿಗೆ ರಸ್ ಟಾಕ್ಸ್ ಮುಂದೆ ಬರುತ್ತದೆ.

ಇನ್ನು ತೊಡಕಿನ ವಿಷಯ. ನಮ್ಮ ಕಡೆಯ ‘ಸಂಕಟ’ ಎಂಬ ಮಾತನ್ನೇ ತೆಗೆದುಕೊಳ್ಳಿ. ವಾಕರಿಕೆಯೂ ಸಂಕಟ, ಗಾಬರಿಯೂ ಸಂಕಟ, ಎದೆ ಬಿಗಿದು ಉಸಿರು ಕಟ್ಟುವುದೂ ಸಂಕಟ. ಇಂಗ್ಲಿಷಿನ ಆ ಪುಸ್ತಕದಲ್ಲಿ ಒಂದು ಹೊಟ್ಟೆಯ ಅಧ್ಯಾಯದಲ್ಲಿದೆ, ಒಂದು ಮನಸ್ಸಿನದರಲ್ಲಿ, ಇನ್ನೊಂದು ಎದೆಯದರಲ್ಲಿ. ಯಾವ ಪುಟ ತೆಗೆಯಬೇಕು?

ಪುಸ್ತಕವಿಲ್ಲದೆಯೇ ನಾನು ಇಲ್ಲಿ ತಪ್ಪಿದ್ದೇನೆ. ವೃತ್ತಿಯ ಆರಂಭದ ದಿನಗಳಲ್ಲಿ ಹಳೇಬೀಡಿನ ಕಡೆಯ ರೈತರೊಬ್ಬರು ಬಂದು ‘ಸಂಕಟ ಸ್ವಾಮಿ’ ಎಂದು ಹೊಟ್ಟೆಯ ಮೇಲ್ಭಾಗ ತೋರಿಸಿದರು. ಕ್ಲಿನಿಕ್ ತುಂಬ ಜನ. ಆಮ್ಲಕ್ಕೆ ಮಾತ್ರೆ ಬರೆದು ಕಳಿಸಿದೆ. ನಡೆದರೆ ಬರುತ್ತದೆಯೇ, ಕುಳಿತರೆ ಹೋಗುತ್ತದೆಯೇ ಎಂದು ಕೇಳಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಮೈಯೆಲ್ಲ ಬೆವೆತಿದ್ದ ಅವರನ್ನು ಮಗ ಕರೆತಂದ. ಇ.ಸಿ.ಜಿ.ಯಲ್ಲಿ ಹೃದಯಾಘಾತ ಸ್ಪಷ್ಟವಿತ್ತು. ಹಾಸನಕ್ಕೆ ಕಳಿಸಿದೆವು. ಪುಣ್ಯಕ್ಕೆ ಉಳಿದರು.

ರೆಪರ್ಟರಿ ಸಂಕಟ ಯಾವಾಗ ಹೆಚ್ಚು, ಯಾವುದರಿಂದ ಕಡಿಮೆ ಎಂದು ಬಹಳ ಸೂಕ್ಷ್ಮವಾಗಿ ಕೇಳುತ್ತದೆ. ಅದನ್ನು ರಚಿಸಿರುವುದು ಔಷಧಿ ಆರಿಸಲು. ಯಾವ ರಕ್ತನಾಳ ಕಟ್ಟಿದೆಯೆಂದು ಹೇಳಲು ಅಲ್ಲ. ಬಿ.ಎಚ್.ಎಂ.ಎಸ್. ಪದವೀಧರರು ಐದೂವರೆ ವರ್ಷದ ಓದಿನಲ್ಲಿ ರೋಗನಿದಾನವನ್ನೂ ಕಲಿತಿರುತ್ತಾರೆ. ಅಪಾಯ ಕಂಡರೆ ಆಸ್ಪತ್ರೆಗೆ ಕಳಿಸುವವರು ಅವರಲ್ಲಿದ್ದಾರೆ. ನನಗೆ ಭಯವಿರುವುದು ಪುಸ್ತಕವನ್ನೋ ಮೊಬೈಲ್ ಆಪನ್ನೋ ಇಟ್ಟುಕೊಂಡು ಮನೆಯಲ್ಲೇ ಅಂಕ ಕೂಡುವವರ ಬಗ್ಗೆ.

ಗುಳಿಗೆಯಿಂದ ಗುಣವಾಗುತ್ತದೆಯೇ ಎಂದೂ ಕೇಳುತ್ತೀರಿ. ಶೀಸೆಯ ಮೇಲಿನ 30 ಎಂದರೆ ಒಂದಕ್ಕೆ ನೂರರಂತೆ ಮೂವತ್ತು ಸಲ ತೆಳುಮಾಡಿದ್ದು. ಹನ್ನೆರಡು ಸಲ ದಾಟುವಷ್ಟರಲ್ಲಿ ಮೂಲವಸ್ತುವಿನ ಒಂದು ಅಣುವೂ ಉಳಿಯುವ ಸಂಭವವಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಯಾವ ಕಾಯಿಲೆಯಲ್ಲೂ ಹೋಮಿಯೋಪತಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇಲ್ಲವೆಂದಿತು. ಹೋಮಿಯೋಪತಿಯವರು ಇದನ್ನು ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ. ಆದರೂ ಒಬ್ಬ ರೋಗಿಯ ಮಾತನ್ನು ಮುಕ್ಕಾಲು ಗಂಟೆ ಕೂತು ಕೇಳುವ ಅವರ ತಾಳ್ಮೆ ನಮ್ಮವರಿಗೂ ಇದ್ದಿದ್ದರೆ ಎಂದು ಅನ್ನಿಸುವುದುಂಟು.

ನೀವು ಯಾವ ವೈದ್ಯರ ಬಳಿಗೆ ಹೋದರೂ ಮೊದಲು ‘ನನಗೆ ಆಗಿರುವುದು ಏನು?’ ಎಂದು ಕೇಳಿ. ‘ಸಂಕಟ’ ಎಂದಷ್ಟೇ ಹೇಳಿ ಬಿಡಬೇಡಿ. ಎಲ್ಲಿ, ಎಷ್ಟು ಹೊತ್ತು, ನಡೆದಾಗಲೋ ಉಂಡಾಗಲೋ ಎಂದು ಹೇಳಿ. ಇನ್ಸುಲಿನ್, ಬಿ.ಪಿ., ಮೂರ್ಛೆರೋಗ, ಕ್ಷಯದ ಮಾತ್ರೆಗಳನ್ನು ಗುಳಿಗೆ ಶುರುವಾಯಿತೆಂದು ನಿಲ್ಲಿಸಕೂಡದು. ಎದೆ ಬಿಗಿತದ ಜೊತೆ ಬೆವರು, ಒಂದು ಕಡೆ ಕೈಕಾಲು ಸೋಲುವುದು, ಮಗು ಹಾಲು ಬಿಟ್ಟು ಮಂಕಾಗುವುದು, ಇವು ಪುಸ್ತಕ ತೆರೆಯುವ ಹೊತ್ತಲ್ಲ. 108ಕ್ಕೆ ಫೋನ್ ಮಾಡಿ. ಬೇಲೂರಿನಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್ ದಾರಿಯಿದೆ.

ಆ ರೈತರು ಈಗಲೂ ಬರುತ್ತಾರೆ. ಹೃದಯದ ಮಾತ್ರೆ ನನ್ನಲ್ಲಿ ಬರೆಸಿಕೊಳ್ಳುತ್ತಾರೆ, ಮಂಡಿನೋವಿಗೆ ಗುಳಿಗೆ ಬೇರೆ ಕಡೆ. ಎರಡು ಚೀಟಿಯನ್ನೂ ಇಬ್ಬರಿಗೂ ತೋರಿಸುತ್ತಾರೆ.