ಮನೆಯಲ್ಲಿ ರೋಗಿ, ತಲೆಯ ಮೇಲೆ ಗದ್ದಲ: ಬಾಡಿಗೆ ಮನೆಯ ಮಾಲೀಕರಿಗೆ ಹೇಳುವುದು ಹೇಗೆ?

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ವೈದ್ಯರು ‘ಚೆನ್ನಾಗಿ ನಿದ್ದೆ ಮಾಡಲಿ’ ಎಂದು ಹೇಳಿಯೇ ಕಳಿಸುತ್ತಾರೆ. ಮಾತ್ರೆ, ಡ್ರೆಸಿಂಗ್, ಫಿಸಿಯೋಥೆರಪಿ ಎಲ್ಲದಕ್ಕೂ ಚೀಟಿಯಲ್ಲಿ ಹೊತ್ತು ಬರೆದಿರುತ್ತದೆ. ರಾತ್ರಿ ಹನ್ನೊಂದೂವರೆಗೆ ಮೇಲಿನ ಮನೆಯವರು ಮಂಚ ಎಳೆದರೆ, ನಸುಕಿನ ನಾಲ್ಕಕ್ಕೆ ನೀರಿನ ಮೋಟರ್ ಗುಡುಗಲು ಶುರುವಾದರೆ ಏನು ಮಾಡಬೇಕು ಎಂಬುದು ಮಾತ್ರ ಯಾವ ಚೀಟಿಯಲ್ಲೂ ಇರುವುದಿಲ್ಲ.

ಸ್ವಂತ ಮನೆಯಾದರೆ ಹೋಗಿ ಬಾಗಿಲು ತಟ್ಟಬಹುದು. ಬಾಡಿಗೆ ಮನೆಯಲ್ಲಿ ಅಷ್ಟು ಧೈರ್ಯ ಬರುವುದಿಲ್ಲ. ಚಿಕಿತ್ಸೆಗೆಂದು ಮುಂಬೈಯ ಪರೇಲ್‌ನಲ್ಲೋ ವೆಲ್ಲೂರಿನಲ್ಲೋ ಕೆಲವು ತಿಂಗಳಿಗೆ ಕೋಣೆ ಹಿಡಿದವರಿಗೂ, ಕೆಲಸಕ್ಕಾಗಿ ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದು ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರಿಗೂ ಒಂದೇ ಭಯ: ದೂರು ಹೇಳಿದರೆ ‘ಹಾಗಾದರೆ ಖಾಲಿ ಮಾಡಿ’ ಎಂದುಬಿಟ್ಟರೆ? ರೋಗಿಯನ್ನು ಕರೆದುಕೊಂಡು ಮತ್ತೆ ಮನೆ ಹುಡುಕುವ ಕಷ್ಟ ನೆನೆದು ಬಹಳ ಮಂದಿ ಬಾಯಿ ಮುಚ್ಚಿಕೊಂಡಿರುತ್ತಾರೆ. ಒಂದು ದಿನ ತಾಳ್ಮೆ ಕೆಟ್ಟು ಕೂಗಾಡುತ್ತಾರೆ. ಎರಡರಿಂದಲೂ ಸದ್ದು ನಿಲ್ಲುವುದಿಲ್ಲ.

ಸದ್ದಿನಿಂದ ರೋಗಿಗೆ ಆಗುವುದೇನು?

ನಿದ್ದೆಯಲ್ಲಿದ್ದರೂ ಕಿವಿ ಎಚ್ಚರವಾಗಿಯೇ ಇರುತ್ತದೆ. ಥಟ್ಟನೆ ಸದ್ದಾದರೆ ಪೂರ್ತಿ ಎಚ್ಚರವಾಗದಿದ್ದರೂ ಎದೆಬಡಿತ ಏರುತ್ತದೆ, ರಕ್ತದೊತ್ತಡ ಸ್ವಲ್ಪ ಹೊತ್ತು ಹೆಚ್ಚುತ್ತದೆ, ಗಾಢ ನಿದ್ದೆ ತೆಳುವಾಗುತ್ತದೆ. ‘ರಾತ್ರಿಯೆಲ್ಲ ಮಲಗಿದ್ದೆ, ಆದರೂ ಮೈ ಭಾರ’ ಎಂದು ರೋಗಿ ಹೇಳುವುದಕ್ಕೆ ಇದೂ ಒಂದು ಕಾರಣ. ಆಪರೇಷನ್ ಆದವರಿಗೆ ನಿದ್ದೆ ಕೆಟ್ಟಷ್ಟೂ ನೋವು ಹೆಚ್ಚೆನಿಸುತ್ತದೆ. ಮೈಗ್ರೇನ್ ಇರುವವರಿಗೆ ನಿದ್ದೆಗೇಡೇ ತಲೆನೋವನ್ನು ಕೆರಳಿಸಬಹುದು. ಮರೆವಿನ ಕಾಯಿಲೆ ಇರುವ ಹಿರಿಯರಲ್ಲಿ ಹಗಲು ರಾತ್ರಿ ಅದಲುಬದಲಾಗಿ ಗಲಿಬಿಲಿ ಹೆಚ್ಚಬಹುದು. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಯೊಳಗಿನ ನಿರಂತರ ಸದ್ದು 30 ಡೆಸಿಬೆಲ್ ಮೀರದಿದ್ದರೆ ಒಳ್ಳೆಯದು ಎಂದಿತ್ತು. ಪಿಸುಮಾತಿನ ಮಟ್ಟ ಅದು. ನಮ್ಮ ನಗರಗಳಲ್ಲಿ ಅಷ್ಟು ಮೌನ ಸಿಗುವುದು ಕಷ್ಟ. ಹಾಗಾಗಿ ನೀವು ಕೇಳಬೇಕಾದ್ದು ಪೂರ್ತಿ ನಿಶ್ಶಬ್ದವನ್ನಲ್ಲ, ನಿದ್ದೆಯ ಹೊತ್ತಿನಲ್ಲಿ ಬೆಚ್ಚಿಬೀಳಿಸುವ ಆ ಒಂದೆರಡು ಸದ್ದು ನಿಲ್ಲುವುದನ್ನು.

ಹೇಳುವ ಮೊದಲು

ಐದಾರು ದಿನ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಗಂಟೆಗೆ, ಯಾವ ಸದ್ದು, ಎಷ್ಟು ಹೊತ್ತು, ಆಗ ರೋಗಿಗೆ ಏನಾಯಿತು. ‘ಮಂಗಳವಾರ, ನಸುಕಿನ 4.10, ಮೋಟರ್, 35 ನಿಮಿಷ, ಅಮ್ಮ ಎದ್ದು ಕೂತರು, ಆರರವರೆಗೆ ನಿದ್ದೆ ಇಲ್ಲ’, ಇಷ್ಟು ಸಾಕು. ‘ಯಾವಾಗಲೂ ಗಲಾಟೆ’ ಎಂದರೆ ಮಾಲೀಕರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ‘ನಾಲ್ಕು ಗಂಟೆಯ ಮೋಟರ್’ ಎಂದರೆ ತೋಚುತ್ತದೆ. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್‌ಗಳಿವೆ. ಮೋಟರ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಎಂದು ಹೋಲಿಸಲು ಅವು ಪರವಾಗಿಲ್ಲ. ಆ ಅಂಕಿಯನ್ನೇ ಸಾಕ್ಷಿ ಎಂದು ಹಿಡಿದು ಜಗಳಕ್ಕೆ ಹೋಗಬೇಡಿ.

ಇನ್ನೊಂದು ವಿಷಯವನ್ನು ಮನೆಯವರು ಮುಜುಗರಪಟ್ಟು ಬಿಟ್ಟುಬಿಡುತ್ತಾರೆ. ರೋಗಿ ಹೇಳುವ ಸದ್ದು ನಿಮಗೂ ಕೇಳಿಸುತ್ತಿದೆಯೇ? ಕಿವಿ ಮಂದವಾದ ಹಿರಿಯರಿಗೆ ಹೊರಗೆ ಸದ್ದಿಲ್ಲದಿದ್ದರೂ ಗುಂಯ್ ಎನ್ನುವ ನಾದ, ಕೆಲವೊಮ್ಮೆ ಹಾಡಿನಂಥ ದನಿ ಕೇಳಿಸುವುದುಂಟು. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ನಿಜವಾಗಿಯೂ ಕೇಳಿಸುತ್ತಿರುತ್ತದೆ. ಒಂದೆರಡು ರಾತ್ರಿ ನೀವೇ ಆ ಕೋಣೆಯಲ್ಲಿ ಮಲಗಿ ನೋಡಿ. ನಿಮಗೆ ಏನೂ ಕೇಳಿಸದಿದ್ದರೆ ಮಾಲೀಕರಿಗಿಂತ ಮೊದಲು ಕಿವಿ ಮೂಗು ಗಂಟಲು ವೈದ್ಯರನ್ನು ಕಾಣಬೇಕು.

ಸದ್ದು ನಿಜವಾದರೆ, ಅದು ಯಾರ ಕೈಯಲ್ಲಿದೆ ಎಂದು ನೋಡಿ. ಮೋಟರ್, ಪೈಪಿನ ಹೊಡೆತ, ಲೊಡಲೊಡ ಎನ್ನುವ ಎಕ್ಸಾಸ್ಟ್ ಫ್ಯಾನ್ ಇವು ಕಟ್ಟಡದ ರಿಪೇರಿಗೆ ಸೇರಿದವು. ಮಾಲೀಕರಿಗೆ ನೇರವಾಗಿ ಹೇಳಬಹುದು. ಅಪಾರ್ಟ್‌ಮೆಂಟಿನಲ್ಲಿ ಮೋಟರ್, ಲಿಫ್ಟ್, ಜನರೇಟರ್ ಸೊಸೈಟಿಯ ವಶದಲ್ಲಿರುತ್ತವೆ. ಸೆಕ್ರೆಟರಿ ಬಾಡಿಗೆಯವರ ಮಾತಿಗಿಂತ ಸದಸ್ಯರ ಮಾತಿಗೆ ಬೇಗ ಓಗೊಡುತ್ತಾರೆ, ಹಾಗಾಗಿ ಮಾಲೀಕರಿಂದಲೇ ಬರೆಸಿ. ಮೇಲಿನ ಮನೆ ಬೇರೆಯವರದ್ದಾದರೆ ನಿಮ್ಮ ಮಾಲೀಕರು ಅವರಿಗೆ ಅಪ್ಪಣೆ ಮಾಡಲಾರರು, ಮಾತಾಡಿಸಿ ನೋಡಬಲ್ಲರು. ಮಾಲೀಕರೇ ಮೇಲೆ ವಾಸವಿದ್ದು ಅವರದೇ ಗ್ರೈಂಡರ್ ಗುಡುಗುತ್ತಿದ್ದರೆ ವಿಷಯ ಸೂಕ್ಷ್ಮ. ಆಗ ಫೋನಿಗಿಂತ ಹಗಲು ಹೊತ್ತಿನಲ್ಲಿ ಹೋಗಿ ಕೂತು ಮಾತಾಡುವುದು ಮೇಲು, ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು.

ಏನೆಂದು ಬರೆಯುವುದು?

ರಾತ್ರಿ ಸದ್ದಾಗುತ್ತಿರುವಾಗಲೇ ಫೋನ್ ಮಾಡಬೇಡಿ, ಆಗ ನಿಮ್ಮ ದನಿಯೂ ಏರಿರುತ್ತದೆ. ಮರುದಿನ ಬೆಳಿಗ್ಗೆ ಮೊದಲು ಬಾಯಲ್ಲಿ ಹೇಳಿ, ಅದೇ ಮಾತನ್ನು ವಾಟ್ಸಾಪ್‌ನಲ್ಲಿ ಕಳಿಸಿ. ಹೇಳಿದ್ದಕ್ಕೆ ದಾಖಲೆ ಇರಲಿ. ಉದಾಹರಣೆಗೆ ಹೀಗೆ:

‘ನಮಸ್ಕಾರ ಸರ್. ಅಮ್ಮನಿಗೆ ಆಪರೇಷನ್ ಆಗಿ ಎರಡು ವಾರವಾಯಿತು, ರಾತ್ರಿ ನಿದ್ದೆ ಕೆಡಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ಈ ವಾರ ಐದು ದಿನ ನಸುಕಿನ ನಾಲ್ಕಕ್ಕೆ ಮೋಟರ್ ಹಾಕಿದ್ದರಿಂದ ಅವರಿಗೆ ಎಚ್ಚರವಾಗಿದೆ. ಮೋಟರನ್ನು ಆರು ಗಂಟೆಯ ಮೇಲೆ ಹಾಕಿಸಲು ಆಗುತ್ತದೆಯೇ? ನೀರು ಬರುವ ಹೊತ್ತಿನಿಂದ ಅದು ಕಷ್ಟವಾದರೆ ಮೋಟರಿನ ಅಡಿಗೆ ರಬ್ಬರ್ ಪ್ಯಾಡ್ ಹಾಕಿಸಿದರೂ ಉಪಕಾರವಾಗುತ್ತದೆ. ಭಾನುವಾರ ಬಂದು ನೋಡುತ್ತೀರಾ?’

ಇದನ್ನು ಮರಾಠಿಗೋ ತಮಿಳಿಗೋ ತೆಲುಗಿಗೋ ಹಿಂದಿಗೋ ಹಾಕಿಕೊಡಲು ಆ ಭಾಷೆ ಬಲ್ಲ ಸ್ನೇಹಿತರನ್ನು ಕೇಳಿ. ಫೋನಿನ ಅನುವಾದದಲ್ಲಿ ವಿನಯದ ಮಾತು ಎಷ್ಟೋ ಸಲ ಹುಕುಂ ಆಗಿಬಿಡುತ್ತದೆ. ಮೇಲಿನವರ ಕುರ್ಚಿಯ ಸದ್ದಾದರೆ ಕಾಲಿಗೆ ಹಾಕುವ ರಬ್ಬರ್ ಬುಷ್ ನೀವೇ ತಂದುಕೊಡಿ. ಕಡಿಮೆ ಖರ್ಚು, ಯಾರಿಗೂ ಅವಮಾನವಿಲ್ಲ. ಮಕ್ಕಳು ಹಗಲಲ್ಲಿ ಓಡಾಡುವುದನ್ನು ಯಾರೂ ನಿಲ್ಲಿಸಲಾರರು. ರೋಗಿ ಮಧ್ಯಾಹ್ನ ಮಲಗುವ ಒಂದೆರಡು ಗಂಟೆಯನ್ನು ಮಾತ್ರ ಕೇಳಿಕೊಳ್ಳಿ.

ಕಾಯಿಲೆಯ ಬಗ್ಗೆ ಎಷ್ಟು ಹೇಳಬೇಕು? ಮೇಲಿನ ಸಂದೇಶದಲ್ಲಿರುವಷ್ಟೇ. ಕ್ಷಯ, ಕ್ಯಾನ್ಸರ್, ಮಾನಸಿಕ ಕಾಯಿಲೆ ಎಂಬ ಹೆಸರು ಕೇಳಿದೊಡನೆ ಮುಖ ತಿರುಗಿಸುವವರು ಇನ್ನೂ ಇದ್ದಾರೆ. ರಿಪೋರ್ಟಿನ ಫೋಟೋ ಕಳಿಸುವ ಅಗತ್ಯವಿಲ್ಲ. ಸಾಕ್ಷಿ ಬೇಕೆಂದರೆ, ‘ವಿಶ್ರಾಂತಿ ಮತ್ತು ಅಡ್ಡಿಯಿಲ್ಲದ ನಿದ್ದೆ ಅಗತ್ಯ’ ಎಂದಷ್ಟೇ ಒಂದು ಚೀಟಿ ಬರೆದುಕೊಡಲು ನಿಮ್ಮ ವೈದ್ಯರನ್ನು ಕೇಳಿ. ಕಾಯಿಲೆಯ ಹೆಸರು ಅದರಲ್ಲಿ ಇರಬೇಕಿಲ್ಲ. ಕಟ್ಟಡದ ಗುಂಪಿನಲ್ಲಂತೂ ಇದನ್ನೆಲ್ಲ ಹಾಕಲೇಬೇಡಿ.

ಕೇಳದೇ ಹೋದರೆ

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆಯ ಸುತ್ತ ನಿಶ್ಶಬ್ದ ವಲಯವೆಂದು ಘೋಷಿಸಿದ ಕಡೆ 50 ಮತ್ತು 40. ರಾತ್ರಿಯೆಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ, ಕೆಲವು ಹಬ್ಬದ ದಿನಗಳಿಗೆ ಸರಕಾರ ಮಧ್ಯರಾತ್ರಿಯವರೆಗೆ ಕೊಡುವ ವಿನಾಯಿತಿ ಬಿಟ್ಟು. ವಸತಿ ಪ್ರದೇಶದಲ್ಲಿ ಸದ್ದು ಮಾಡುವ ಕಟ್ಟಡ ಕೆಲಸದ ಯಂತ್ರಗಳನ್ನೂ ನಡೆಸುವಂತಿಲ್ಲ. ರಾತ್ರಿ ಡ್ರಿಲ್ಲಿಂಗ್, ಡಿಜೆ ಇದ್ದರೆ 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಬಹುದು. ಮೇಲಿನ ಮನೆಯ ಕುರ್ಚಿ, ಹೆಜ್ಜೆ ಸದ್ದಿಗೆ ಈ ಕಾನೂನಿನಿಂದ ಹೆಚ್ಚು ಉಪಯೋಗವಿಲ್ಲ. ಅದು ಮಾತಿನಿಂದಲೇ ಬಗೆಹರಿಯಬೇಕು.

ಬಿಗಿಯಾಗಿ ಮಾತಾಡುವ ಮೊದಲು ಅಗ್ರಿಮೆಂಟ್ ತೆಗೆದು ಎರಡು ಸಾಲು ಓದಿ: ಎಷ್ಟು ದಿನದ ನೋಟಿಸ್, ಡೆಪಾಸಿಟ್ ಯಾವಾಗ ವಾಪಸು. ಮುಂಬೈ, ಪುಣೆಯಲ್ಲಿ ಸಾಮಾನ್ಯವಾಗಿರುವ ಲೀವ್ ಅಂಡ್ ಲೈಸೆನ್ಸ್ ಒಪ್ಪಂದದಲ್ಲಿ ವಾಸಿಸುವವರ ಹಕ್ಕು ಪೂರ್ಣ ಬಾಡಿಗೆದಾರರ ಹಕ್ಕಿಗಿಂತ ಕಡಿಮೆ. ಸಿಟ್ಟಿನಿಂದ ಬಾಡಿಗೆ ತಡೆಹಿಡಿಯಬೇಡಿ. ಆಗ ತಪ್ಪು ನಿಮ್ಮ ಕಡೆಗೇ ತಿರುಗುತ್ತದೆ.

ಅಲ್ಲಿಯವರೆಗೆ

ಸದ್ದು ಬರುವ ಗೋಡೆಯಿಂದ ಮಂಚವನ್ನು ಸರಿಸಿ, ಆಗದಿದ್ದರೆ ರೋಗಿಯ ಕೋಣೆಯನ್ನೇ ಬದಲಿಸಿ. ಫ್ಯಾನಿನ ಒಂದೇ ಸಮನಾದ ಸದ್ದು ಸಣ್ಣಪುಟ್ಟ ಸದ್ದನ್ನು ಮುಚ್ಚುತ್ತದೆ. ಮೆತ್ತನೆಯ ಇಯರ್‌ಪ್ಲಗ್ ಕೆಲವರಿಗೆ ಒಗ್ಗುತ್ತದೆ. ಕಿವಿ ಸೋರುವವರಿಗೆ, ಕಿವಿಯ ಆಪರೇಷನ್ ಆದವರಿಗೆ ಬೇಡ. ರಾತ್ರಿ ಅವರು ಕರೆದರೆ ಏಳಬೇಕಾದ ನೀವಂತೂ ಎರಡೂ ಕಿವಿಗೆ ಹಾಕಿಕೊಳ್ಳಬೇಡಿ. ಇಬ್ಬರಿದ್ದರೆ ಸರದಿ ಹಾಕಿಕೊಂಡು ಒಬ್ಬರು ಬೇರೆ ಕೋಣೆಯಲ್ಲಿ ಮಲಗಿ. ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ ಕೊಡಬೇಡಿ. ಹಿರಿಯರು ಅದರ ಮಂಪರಿನಲ್ಲಿ ಎದ್ದು ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ.

ಮೂರು ವಾರವಾದರೂ ನಿದ್ದೆ ಸರಿಹೋಗದಿದ್ದರೆ, ಮಾತ್ರೆ ತಪ್ಪದೆ ತೆಗೆದುಕೊಂಡರೂ ರಕ್ತದೊತ್ತಡ ಏರುತ್ತಿದ್ದರೆ, ಮೊದಲು ಕಾಡದ ಚಮಚದ ಸದ್ದೂ ಈಗ ತಡೆಯಲಾಗುತ್ತಿಲ್ಲ ಎಂದರೆ, ಬರೆದಿಟ್ಟ ಪುಸ್ತಕವನ್ನು ವೈದ್ಯರಿಗೂ ತೋರಿಸಿ. ಎದೆನೋವು ಬಂದರೆ ಅಥವಾ ಇದ್ದಕ್ಕಿದ್ದಂತೆ ಮಾತು, ಗುರುತು ತಪ್ಪಿದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.